ಕಾಫಿ ಎಲೆಯ ಅಡಿಯ ಹಸಿರು ತಿಗಣೆ: ಔಷಧಿ ಹೊಡೆದರೂ ಮತ್ತೆ ಹೆಚ್ಚುವುದೇಕೆ?

ಪ್ರಶ್ನೆ: ಆಲ್ದೂರಿನ ಹತ್ತಿರ ನಮ್ಮದು ಮೂರು ಎಕರೆ ತೋಟ. ಎರಡು ಎಕರೆ ಹಳೆಯ ಅರೇಬಿಕಾ, ಒಂದು ಎಕರೆಯಲ್ಲಿ ಎರಡು ವರ್ಷದ ರೋಬಸ್ಟಾ ಗಿಡಗಳಿವೆ. ಡಿಸೆಂಬರ್‌ನಿಂದ ಸಣ್ಣ ಗಿಡಗಳ ಎಲೆಯಡಿ ಹಸಿರು ಬಣ್ಣದ ಚಪ್ಪಟೆ ಹುಳುಗಳು ಅಂಟಿಕೊಂಡಿವೆ. ಎಲೆಯ ಮೇಲ್ಭಾಗ ಒಲೆಮಸಿ ಬಳಿದಂತೆ ಕಪ್ಪಾಗಿದೆ. ಗಿಡದ ತುಂಬ ಇರುವೆ. ಅಂಗಡಿಯವರು ಹೇಳಿದರೆಂದು ಜನವರಿ ಮಧ್ಯದಲ್ಲಿ ಒಮ್ಮೆ, ಫೆಬ್ರವರಿ ಕೊನೆಗೆ ಮತ್ತೊಮ್ಮೆ ಕ್ಲೋರ್‌ಪೈರಿಫಾಸ್ ಹೊಡೆಸಿದೆವು. ಒಂದೆರಡು ವಾರ ಕಡಿಮೆಯಾದಂತೆ ಕಂಡು ಈಗ ಮೊದಲಿಗಿಂತ ಹೆಚ್ಚಾಗಿದೆ. ಈ ಹುಳುವಿನ ಜೀವನಚಕ್ರ ಹೇಗಿರುತ್ತದೆ? ಕಪ್ಪು ಮಸಿಗೆ ಬೇರೆ ಔಷಧಿ ಬೇಕೆ? ಮನೆ ಪಕ್ಕದ ಸೀಬೆ ಮರದಲ್ಲೂ ಇದೇ ಹುಳು ಇದೆ. ಅದನ್ನು ಕಡಿದುಬಿಡಬೇಕೆ?

ಉತ್ತರ: ನೀವು ವರ್ಣಿಸಿರುವುದು ಹಸಿರು ತಿಗಣೆ. ಪುಸ್ತಕಗಳಲ್ಲಿ ಹಸಿರು ಶಲ್ಕಕೀಟ ಎಂದೂ ಬರೆಯುತ್ತಾರೆ. ವೈಜ್ಞಾನಿಕ ಹೆಸರು ಕಾಕಸ್ ವಿರಿಡಿಸ್. ಆದರೂ ಒಮ್ಮೆ ಖಚಿತ ಮಾಡಿಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದನ್ನು ತೆಗೆದುಕೊಂಡು ಎಲೆ ತಿರುಗಿಸಿ ನೋಡಿ. ನಡುನರದ ಎರಡೂ ಬದಿಗೆ ಸಾಲುಗಟ್ಟಿ ಕುಳಿತ, ಮೊಟ್ಟೆಯಾಕಾರದ, ಎರಡೂವರೆಯಿಂದ ಮೂರು ಮಿಲಿಮೀಟರ್ ಉದ್ದದ, ತೆಳು ಹಸಿರು ಬಣ್ಣದ ಚಪ್ಪಟೆ ಹುಳು ಕಾಣಬೇಕು. ಅದರ ಬೆನ್ನಿನ ಮೂಲಕ ಒಳಗೆ ಕುಣಿಕೆಯಂತೆ ಸುತ್ತಿದ ಕಪ್ಪು ಗೆರೆ ಕಂಡರೆ ಅನುಮಾನವೇ ಬೇಡ, ಅದು ಹಸಿರು ತಿಗಣೆಯೇ. ಗೆರೆ ಇರುವುದು ಚರ್ಮದ ಮೇಲಲ್ಲ. ಮೈ ಅಷ್ಟು ಪಾರದರ್ಶಕವಾದ್ದರಿಂದ ಒಳಗಿನ ಕರುಳೇ ಹಾಗೆ ಕಾಣುತ್ತದೆ.

ಇದರ ಜೊತೆ ಬೆರೆಸಿಕೊಳ್ಳಬಾರದ ಇನ್ನೆರಡು ಹುಳುಗಳಿವೆ. ಮೊದಲನೆಯದು ಕಂದು ತಿಗಣೆ. ಅದು ಚಪ್ಪಟೆಯಾಗಿರುವುದಿಲ್ಲ, ಸಣ್ಣ ಟೋಪಿ ಬೋರಲು ಹಾಕಿದಂತೆ ಉಬ್ಬಿ ಗಟ್ಟಿಯಾಗಿರುತ್ತದೆ. ಎರಡನೆಯದು ಬಿಳಿ ತಿಗಣೆ, ಅಂದರೆ ಹಿಟ್ಟು ತಿಗಣೆ. ಅದರ ಮೈಮೇಲೆಲ್ಲ ಹಿಟ್ಟು ಚೆಲ್ಲಿದಂತಿರುತ್ತದೆ, ಗೆಲ್ಲಿನ ಗಿಣ್ಣು, ಹೂ ಮೊಗ್ಗು, ಕಾಯಿ ಗೊಂಚಲುಗಳಲ್ಲಿ ಕೂರುತ್ತದೆ. ಇನ್ನು ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಇದ್ದು ಬೆರಳಿಗೆ ಅಂಟಿದರೆ ಅದು ಹುಳುವೇ ಅಲ್ಲ, ಎಲೆ ತುಕ್ಕು ರೋಗ.

ಈಗ ಜೀವನಚಕ್ರಕ್ಕೆ ಬರೋಣ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದರೊಳಗೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಗಿಡಗಳ ಮೇಲಿರುವ ತಿಗಣೆಗಳೆಲ್ಲ ಹೆಣ್ಣು ಎಂದೇ ತಿಳಿಯಿರಿ. ಈ ಜಾತಿಯಲ್ಲಿ ಹೆಣ್ಣು ಗಂಡಿನೊಡನೆ ಕೂಡದೆಯೇ ಮರಿ ಹಾಕುತ್ತದೆ, ಆ ಮರಿಗಳೂ ಹೆಣ್ಣೇ. ಹೀಗಾಗಿ ಹೊಸ ಗಿಡಕ್ಕೆ ಒಂದೇ ಒಂದು ಮರಿ ತಲುಪಿದರೂ ಅಲ್ಲೊಂದು ಸಂಸಾರ ಹೂಡಲು ಅದು ಸಾಕು. ಜೋಡಿ ಬೇಕಾಗಿಲ್ಲ.

ಬೆಳೆದ ತಾಯಿ ಎಲೆಗೆ ಮೈಯೊತ್ತಿ ಕುಳಿತಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹೊರಗೆ ಕಾಣುವುದಿಲ್ಲ. ತಾಯಿಯ ಹೊಟ್ಟೆಗೂ ಎಲೆಗೂ ನಡುವೆ, ತಟ್ಟೆ ಮುಚ್ಚಿದಂತೆ ಇರುತ್ತವೆ. ಒಮ್ಮೆಲೇ ಎಲ್ಲವನ್ನೂ ಇಡದೆ ದಿನವೂ ಕೆಲವಷ್ಟು ಎಂಬಂತೆ ವಾರಗಟ್ಟಲೆ ಇಡುತ್ತಾ ಹೋಗುತ್ತದೆ. ಒಂದು ತಾಯಿ ತನ್ನ ಬದುಕಿನಲ್ಲಿ ಇಡುವ ಮೊಟ್ಟೆಗಳು ಕೆಲವು ನೂರು. ಇಟ್ಟ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಬೇರೆ ಹುಳುಗಳಲ್ಲಿ ನಾವು ಹುಡುಕುವ ‘ಮೊಟ್ಟೆಯ ಹಂತ’ ಇಲ್ಲಿ ಇಲ್ಲವೆನ್ನುವಷ್ಟು ಚಿಕ್ಕದು. ಮೊಟ್ಟೆ ಇಟ್ಟಂತೆಲ್ಲ ತಾಯಿಯ ಮೈ ಒಳಗೊಳಗೇ ಬರಿದಾಗಿ, ಬೆನ್ನು ಸ್ವಲ್ಪ ಉಬ್ಬಿ, ಬಣ್ಣ ಹಳದಿ-ಕಂದಿಗೆ ತಿರುಗಿ, ಕೊನೆಗೆ ಸತ್ತು ಒಣ ಚಿಪ್ಪಾಗುತ್ತದೆ. ಸತ್ತ ಮೇಲೂ ಆ ಚಿಪ್ಪು ಎಲೆಗೆ ಅಂಟಿಯೇ ಇರುತ್ತದೆ. ಅದರಡಿ ಇನ್ನೂ ಹೊರಬರದ ಮರಿಗಳಿರಬಹುದು.

ಮೊಟ್ಟೆಯೊಡೆದ ಮರಿ ಒಂದೆರಡು ಗಂಟೆಯೋ ಒಂದು ದಿನವೋ ತಾಯಿಯಡಿ ಇದ್ದು, ಹಿಂಬದಿಯ ಸಂದಿನಿಂದ ಹೊರಗೆ ಬರುತ್ತದೆ. ಸಾಸಿವೆ ಕಾಳಿಗಿಂತ ಬಹಳ ಚಿಕ್ಕದು, ತೆಳು ಹಳದಿ-ಹಸಿರು ಬಣ್ಣ, ಆರು ಕಾಲು, ಎರಡು ಕಪ್ಪು ಕಣ್ಣು. ಇದನ್ನು ಹರಿದಾಡುವ ಮರಿ ಎನ್ನೋಣ. ಜೀವನದಲ್ಲಿ ಚುರುಕಾಗಿ ಓಡಾಡುವ ಹಂತ ಇದೊಂದೇ. ಗೆಲ್ಲಿನ ಮೇಲೆ ನಡೆದು ಎಳೆಯ ಎಲೆ ಹುಡುಕುವುದು, ಗಾಳಿಗೆ ತೂರಿ ಪಕ್ಕದ ಗಿಡಕ್ಕೆ ಬೀಳುವುದು, ಕಂಬಚಿಗುರು (ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರು) ತೆಗೆಯುವವರ ಬಟ್ಟೆಗೆ, ಬುಟ್ಟಿಗೆ ಅಂಟಿ ಇನ್ನೊಂದು ಸಾಲಿಗೆ ಹೋಗುವುದು ಎಲ್ಲವೂ ಈ ಹಂತದಲ್ಲೇ. ಒಂದೆರಡು ದಿನದೊಳಗೆ ಸೂಕ್ತ ಜಾಗ ಸಿಗದಿದ್ದರೆ ಸಾಯುತ್ತದೆ.

ಸೂಕ್ತ ಜಾಗ ಎಂದರೆ ಎಲೆಯಡಿಯ ನಡುನರ, ಅಡ್ಡನರಗಳ ಬದಿ, ಮತ್ತು ಎಳೆಯ ಗೆಲ್ಲಿನ ಹಸಿರು ತೊಗಟೆ. ಮರಿಯ ಬಾಯಿ ಕೂದಲಿಗಿಂತ ಸಣ್ಣ ಸೂಜಿಯಂತಿದೆ. ಎಲೆಯಲ್ಲಿ ತಯಾರಾದ ಸಕ್ಕರೆ ಗಿಡದ ಬೇರೆ ಭಾಗಗಳಿಗೆ ಹರಿಯುವ ಕೊಳವೆಗಳು ನರದೊಳಗಿವೆ. ಸೂಜಿ ಅಲ್ಲಿಗೆ ತಲುಪಿದರೆ ಹೀರುವ ಶ್ರಮವೂ ಹೆಚ್ಚು ಬೇಡ, ರಸ ತಾನಾಗಿ ಒತ್ತಿಕೊಂಡು ಬರುತ್ತದೆ. ನೇರ ಬಿಸಿಲೂ ಮಳೆ ಹೊಡೆತವೂ ಎಲೆಯಡಿ ಬೀಳುವುದಿಲ್ಲ. ಹಾಗಾಗಿ ಒಮ್ಮೆ ಸೂಜಿ ಊರಿದ ಮರಿ ಸಾಮಾನ್ಯವಾಗಿ ಅಲ್ಲೇ ಬೆಳೆಯುತ್ತದೆ. ಕಾಲುಗಳು ಉದುರಿಹೋಗುವುದಿಲ್ಲ. ಎಲೆ ಹಳದಿಯಾಗಿ ರಸ ಬತ್ತಿದರೆ ಸೂಜಿ ಕಿತ್ತುಕೊಂಡು ನಿಧಾನವಾಗಿ ಜಾಗ ಬದಲಿಸುವುದೂ ಉಂಟು. ಕಿತ್ತು ನೆಲಕ್ಕೆ ಹಾಕಿದ ಚಿಗುರಿನಿಂದ ಮರಿಗಳು ಮತ್ತೆ ಗಿಡ ಹತ್ತುವುದು ಹೀಗೆ.

ಕುಳಿತ ಮರಿ ಪೊರೆ ಬಿಡುತ್ತಾ ಮೂರು ಮರಿ ಹಂತ ದಾಟಿ ತಾಯಿಯಾಗುತ್ತದೆ. ಚಿಟ್ಟೆಯ ಹಾಗೆ ನಡುವೆ ಕೋಶದ ಹಂತವಿಲ್ಲ. ಪ್ರತಿ ಹಂತದಲ್ಲೂ ಅದೇ ಆಕಾರ, ಗಾತ್ರ ಮಾತ್ರ ದೊಡ್ಡದು. ನಮ್ಮ ಕಡೆಯ ಹವೆಯಲ್ಲಿ ಮರಿ ಹೊರಬಂದು ತಾಯಿಯಾಗಿ ತಾನೂ ಮರಿ ಹಾಕುವ ತನಕ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮಾರ್ಚ್-ಏಪ್ರಿಲ್‌ನ ಸೆಕೆಯಲ್ಲಿ ನಾಲ್ಕು ವಾರದ ಕಡೆಗೆ ವಾಲುತ್ತದೆ, ಡಿಸೆಂಬರ್-ಜನವರಿಯ ಚಳಿಯಲ್ಲಿ ಆರರ ಕಡೆಗೆ. ಒಂದು ಲೆಕ್ಕ ಹಾಕಿ ನೋಡಿ. ಒಂದು ತಾಯಿಯ ಮರಿಗಳಲ್ಲಿ ಹತ್ತೇ ಉಳಿದು ತಾಯಿಯಾದವು ಎಂದುಕೊಳ್ಳಿ. ಮೂರು ತಲೆಮಾರಿಗೆ ಸಾವಿರವಾಯಿತು. ಡಿಸೆಂಬರ್‌ನಲ್ಲಿ ಕಂಡಿದ್ದು ಏಪ್ರಿಲ್‌ಗೆ ಗಿಡ ತುಂಬುವುದು ಹೀಗೆ.

ಇನ್ನು ಕಪ್ಪು ಮಸಿ. ನರದಲ್ಲಿ ಹರಿಯುವ ರಸದಲ್ಲಿ ಸಕ್ಕರೆ ಬಹಳ, ಮೈ ಬೆಳೆಸುವ ಸಾರಜನಕದ ಅಂಶ ಕಡಿಮೆ. ಬೇಕಾದಷ್ಟು ಸಾರಜನಕ ಸಿಗಲು ತಿಗಣೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ರಸ ಹೀರಬೇಕು. ಮಿಕ್ಕ ಸಕ್ಕರೆ ನೀರು ಹಿಂಬದಿಯಿಂದ ಅಂಟು ಹನಿಯಾಗಿ ಹೊರಬರುತ್ತದೆ. ಇರುವೆ ಅದನ್ನು ನೆಕ್ಕದಿದ್ದರೆ ಹನಿ ಕೆಳಗಿನ ಎಲೆಯ ಮೇಲ್ಭಾಗಕ್ಕೆ ಬೀಳುತ್ತದೆ. ಆ ಅಂಟಿನ ಮೇಲೆ ಬೆಳೆಯುವ ಬೂಷ್ಟೇ ನಿಮಗೆ ಕಾಣುವ ಮಸಿ. ಹುಳು ಇರುವುದು ಮೇಲಿನ ಎಲೆಯ ಅಡಿಯಲ್ಲಿ, ಮಸಿ ಬರುವುದು ಕೆಳಗಿನ ಎಲೆಯ ಮೇಲೆ. ಮಸಿ ಕಂಡ ಎಲೆಯನ್ನೇ ತಿರುಗಿಸಿ ನೋಡಿ ‘ಹುಳು ಇಲ್ಲ’ ಎನ್ನಬೇಡಿ, ಅದರ ಮೇಲಿನ ಗೆಲ್ಲು ನೋಡಿ.

ಈ ಬೂಷ್ಟಿನ ಬೇರು ಎಲೆಯೊಳಗೆ ಇಳಿಯುವುದಿಲ್ಲ. ಮೇಲಷ್ಟೇ ಹಾಸಿಕೊಂಡು ಬೆಳಕು ತಡೆಯುತ್ತದೆ. ಆದ್ದರಿಂದ ಅದಕ್ಕೆ ಪ್ರತ್ಯೇಕ ಶಿಲೀಂಧ್ರನಾಶಕ ಹೊಡೆಯಬೇಡಿ, ಹಣ ದಂಡ. ತಿಗಣೆ ನಿಂತರೆ ಅಂಟು ನಿಲ್ಲುತ್ತದೆ, ಅಂಟು ನಿಂತರೆ ಮಸಿ ಒಣಗಿ ಹಪ್ಪಳದಂತೆ ಎದ್ದು ಮಳೆಗೆ ತೊಳೆದುಹೋಗುತ್ತದೆ. ತೀರಾ ಕಪ್ಪಾದ ಹತ್ತಿಪ್ಪತ್ತು ಗಿಡಗಳಿಗೆ ಬೇಗ ಬೆಳಕು ಸಿಗಲಿ ಎನಿಸಿದರೆ, ಒಂದು ಕಿಲೋ ಮೈದಾ ಹಿಟ್ಟನ್ನು ಐದು ಲೀಟರ್ ನೀರಿನಲ್ಲಿ ಕುದಿಸಿ ಗಂಜಿ ಮಾಡಿ, ಇಪ್ಪತ್ತು ಲೀಟರ್‌ಗೆ ಹಿಗ್ಗಿಸಿ ಸೋಸಿ ಬಿಸಿಲಿರುವ ದಿನ ಸಿಂಪಡಿಸಿ. ಗಂಜಿ ಒಣಗಿ ಏಳುವಾಗ ಮಸಿಯನ್ನೂ ಎಬ್ಬಿಸುತ್ತದೆ. ಮೋಡದ ದಿನ ಮಾಡಿದರೆ ಗಂಜಿಯ ಮೇಲೆಯೇ ಬೂಷ್ಟು ಬರುತ್ತದೆ.

ಇರುವೆಯ ವಿಷಯವನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ತೋಟದ ತೊಂದರೆಯ ಬುಡ ಅಲ್ಲಿದೆ. ಸಿಹಿಗಾಗಿ ಬಂದ ಇರುವೆ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಶುಚಿ. ಅಂಟು ಹನಿ ತೆಗೆಯದೆ ಬಿಟ್ಟರೆ ಸಣ್ಣ ಮರಿಗಳು ಅದರಲ್ಲೇ ಸಿಕ್ಕಿ ಸಾಯುತ್ತವೆ, ಅದನ್ನು ಇರುವೆ ತಪ್ಪಿಸುತ್ತದೆ. ಎರಡನೆಯದು ಕಾವಲು. ತಿಗಣೆ ತಿನ್ನಲು ಬರುವ ಗುಲಗಂಜಿ ಹುಳುವನ್ನೂ, ತಿಗಣೆಯೊಳಗೆ ಮೊಟ್ಟೆಯಿಡಲು ಬರುವ ಸಣ್ಣ ಕಣಜವನ್ನೂ ಓಡಿಸುತ್ತದೆ. ಇರುವೆ ಇಲ್ಲದ ಗಿಡದಲ್ಲಿ ತಿಗಣೆ ತಾನಾಗಿ ಅಂಕೆಗೆ ಬರುವುದು ಸಾಮಾನ್ಯ. ಇರುವೆ ಇರುವ ಗಿಡದಲ್ಲಿ ಹಾಗಾಗುವುದು ಅಪರೂಪ.

ಯಾವ ಇರುವೆ ಎಂದು ಗುರುತಿಸಿಕೊಂಡರೆ ಗೂಡು ಹುಡುಕಲು ಸುಲಭ. ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ನಿಮಗೆ ಗೊತ್ತೇ ಇದೆ, ಕಾಫಿ ಕೊಯ್ಯುವವರು ಅದರ ಕಡಿತಕ್ಕೆ ಹೆದರುತ್ತಾರೆ. ಇನ್ನೊಂದು ಹೊಟ್ಟೆಯ ತುದಿ ಬೆನ್ನ ಮೇಲೆತ್ತಿ ನಡೆಯುವ ಸಣ್ಣ ಕಪ್ಪಿರುವೆ. ನೆರಳು ಮರದ ಕೊಂಬೆಯಲ್ಲಿ ಸಗಣಿ ಉಂಡೆ ಮೆತ್ತಿದಂತೆ ಗೂಡು ಮಾಡುತ್ತದೆ. ನೆಲದಲ್ಲಿ, ಒಣ ತರಗೆಲೆಯಡಿ, ಕೊಳೆತ ಕೊರಡಿನಲ್ಲಿ ಇರುವವೂ ಇವೆ.

ಇಷ್ಟು ಹೇಳಿದ ಮೇಲೆ ನಿಮ್ಮ ಎರಡು ಸಿಂಪಡಣೆ ಏಕೆ ಫಲಿಸಲಿಲ್ಲ ಎಂಬುದು ನಿಮಗೇ ಹೊಳೆದಿರಬಹುದು. ಜನವರಿ ಮಧ್ಯದ ಸಿಂಪಡಣೆಗೆ ಹೊರಗೆ ಕುಳಿತ ಮರಿಗಳು ಸತ್ತವು, ತಾಯಿಯ ಮೈಯಡಿ ಇದ್ದವು ಉಳಿದವು. ಔಷಧಿ ಎಲೆಯ ಮೇಲ್ಭಾಗಕ್ಕೆ ಮಾತ್ರ ಬಿದ್ದಿದ್ದರೆ ಇನ್ನೂ ಎಷ್ಟೋ ಉಳಿದಿರುತ್ತವೆ. ಉಳಿದ ಮರಿಗಳು ಆರು ವಾರದಲ್ಲಿ ತಾಯಿಯಾದವು. ನೀವು ಎರಡನೇ ಬಾರಿ ಹೊಡೆದದ್ದು ಸರಿಯಾಗಿ ಆ ಆರು ವಾರದ ಕೊನೆಗೆ. ಅಂದರೆ ಅವು ಹೊಸ ಮರಿ ಹಾಕತೊಡಗಿದ ಮೇಲೆ. ನಡುವೆ ಗುಲಗಂಜಿ ಹುಳು, ಕಣಜಗಳೂ ಸತ್ತವು. ಅವು ಮತ್ತೆ ಹೆಚ್ಚಲು ತಿಗಣೆಗಿಂತ ಹೆಚ್ಚು ಕಾಲ ಬೇಕು. ಗೂಡಿನೊಳಗಿದ್ದ ಇರುವೆ ಸಾಯಲಿಲ್ಲ. ಕಾವಲುಗಾರ ಉಳಿದು ಶತ್ರು ಸತ್ತಾಗ ತಿಗಣೆ ಮೊದಲಿಗಿಂತ ಹೆಚ್ಚಾಗುವುದು ಸಹಜ.

ಇನ್ನು ಕ್ಲೋರ್‌ಪೈರಿಫಾಸ್‌ನ ಬಗ್ಗೆ ಒಂದು ಮಾತು. ಯುರೋಪ್ ಒಕ್ಕೂಟ 2020ರಲ್ಲಿ ಅದರ ಅನುಮತಿಯನ್ನು ನವೀಕರಿಸದೆ ಕೈಬಿಟ್ಟಿತು. ನಮ್ಮ ಕಾಫಿಯ ದೊಡ್ಡ ಪಾಲು ಹೋಗುವುದು ಅಲ್ಲಿಗೇ. ಫಸಲಿರುವ ಅರೇಬಿಕಾ ಗಿಡಗಳಿಗೆ ಅದನ್ನು ತಾಗಿಸಬೇಡಿ.

ಈಗ ಮಾಡಬೇಕಾದ್ದು. ಮೊದಲ ಕೆಲಸ ನೋಡುವುದು. ಹತ್ತಡಿ ಅಂತರದಲ್ಲಿ ನೆಟ್ಟಿದ್ದರೆ ಒಂದು ಎಕರೆ ರೋಬಸ್ಟಾದಲ್ಲಿ ಸುಮಾರು 435 ಗಿಡಗಳಿರುತ್ತವೆ, ಎರಡು ಆಳು ಒಂದು ಬೆಳಗ್ಗೆ ಪ್ರತಿ ಗಿಡವನ್ನೂ ನೋಡಿ ಮುಗಿಸಬಹುದು. ತಿಗಣೆ ಇರುವ ಗಿಡಕ್ಕೆ ಒಂದು ಬಣ್ಣದ ಬಟ್ಟೆ ಚೂರು ಕಟ್ಟಿ. ತಿಗಣೆಯ ಸುತ್ತ ಬಿಳಿ ಅಂಚು ಇರುವ ಗಿಡಗಳಿಗೆ ಇನ್ನೊಂದು ಬಣ್ಣ, ಅದರ ಕಾರಣ ಮುಂದೆ ಹೇಳುತ್ತೇನೆ. ಎಲ್ಲ ಗಿಡಗಳಿಗೂ ಒಂದೇ ಸಮ ತಗುಲಿರುವುದು ಕಡಿಮೆ. ಸಾಮಾನ್ಯವಾಗಿ ಇರುವೆ ಗೂಡಿನ ಸುತ್ತ ಗುಂಪುಗುಂಪಾಗಿ ಇರುತ್ತದೆ. ಗುರುತಿಟ್ಟ ಗಿಡಕ್ಕೆ ಮಾತ್ರ ಸಿಂಪಡಣೆ.

ಎರಡನೆಯದು ಇರುವೆ. ಸಿಂಪಡಣೆಗೆ ಒಂದು ವಾರ ಮೊದಲೇ ಶುರುಮಾಡಿ. ಚಗಳಿ ಗೂಡುಗಳನ್ನು ನಸುಕಿನಲ್ಲಿ, ಇರುವೆಗಳು ಗೂಡಿನೊಳಗೇ ಇರುವಾಗ, ಗೆಲ್ಲು ಸಮೇತ ಕತ್ತರಿಸಿ ಚೀಲಕ್ಕೆ ಹಾಕಿ. ಕೊಂಬೆಯ ಉಂಡೆ ಗೂಡುಗಳನ್ನು ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವಾಗಲೇ ಇಳಿಸಿ. ನೆಲದ ಇರುವೆಗೆ ಸಿಹಿ ವಿಷ ಒಳ್ಳೆಯದು: ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, 10 ಗ್ರಾಂ ಬೋರಿಕ್ ಪುಡಿ ಪೂರ್ತಿ ಕರಗಿಸಿ. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಬಾಟಲಿಗಳಿಗೆ ಹತ್ತಿ ಹಾಕಿ ಈ ನೀರಿನಲ್ಲಿ ನೆನೆಸಿ, ಬದಿಯಲ್ಲಿ ಎರಡರಿಂದ ಮೂರು ಮಿಲಿಮೀಟರ್ ತೂತು ಮಾಡಿ ಇರುವೆ ಸಾಲಿನ ಪಕ್ಕ ಮಲಗಿಸಿ. ತೂತು ಅದಕ್ಕಿಂತ ದೊಡ್ಡದಾದರೆ ಜೇನು ನುಗ್ಗುತ್ತದೆ. ಬೋರಿಕ್ ಪುಡಿ ಹೆಚ್ಚು ಹಾಕಿದರೆ ಬೇಗ ಸಾಯುತ್ತವೆಂದು ಕೆಲವರು ಎರಡು ಪಾಲು ಹಾಕುತ್ತಾರೆ, ಅದು ತಪ್ಪು. ಕೆಲಸದ ಇರುವೆ ದಾರಿಯಲ್ಲೇ ಸತ್ತರೆ ವಿಷ ಗೂಡಿನ ರಾಣಿಗೆ ತಲುಪುವುದಿಲ್ಲ. ನಿಧಾನವಾಗಿ ಕೊಲ್ಲುವುದೇ ಇದರ ಗುಣ. ವಾರಕ್ಕೊಮ್ಮೆ ನೀರು ಬದಲಿಸಿ ಮೂರು ವಾರ ಇಡಿ. ಮಕ್ಕಳು, ದನ, ನಾಯಿಗಳಿಗೆ ಸಿಗದಂತೆ ನೋಡಿಕೊಳ್ಳಿ.

ಎರಡು ವರ್ಷದ ಗಿಡವಾದ್ದರಿಂದ ಕಾಂಡಕ್ಕೆ ಅಂಟುಪಟ್ಟಿಯೂ ಆಗುತ್ತದೆ. ನೆಲದಿಂದ ಮುಕ್ಕಾಲು ಅಡಿ ಎತ್ತರದಲ್ಲಿ ಹತ್ತು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಟೇಪು ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೆ ನೇರವಾಗಿ ಬಳಿಯಬೇಡಿ, ಎಳೆ ತೊಗಟೆ ಸುಟ್ಟುಹೋಗುತ್ತದೆ. ಪಟ್ಟಿ ಕೆಲಸ ಮಾಡಬೇಕಾದರೆ ಬೇರೆ ಸೇತುವೆ ಇರಬಾರದು. ಎತ್ತರದ ಕಳೆ, ಪಕ್ಕದ ಗಿಡದ ರೆಕ್ಕೆ (ಅಡ್ಡ ಗೆಲ್ಲು), ಊರುಗೋಲು, ನೆಲ ಮುಟ್ಟುವ ಕೆಳರೆಕ್ಕೆ, ಇವುಗಳಲ್ಲಿ ಒಂದಿದ್ದರೂ ಇರುವೆ ಆ ದಾರಿಯಲ್ಲಿ ಹತ್ತುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿ, ಧೂಳು-ತರಗು ಕೂತಿದ್ದರೆ ಮತ್ತೆ ಬಳಿಯಿರಿ, ಮೂರು ತಿಂಗಳೊಳಗೆ ಟೇಪು ಬಿಚ್ಚಿ. ಹಳೆಯ ಅರೇಬಿಕಾದಲ್ಲಿ ರೆಕ್ಕೆಗೆ ರೆಕ್ಕೆ ಸೇರಿರುವುದರಿಂದ ಪಟ್ಟಿ ಕಟ್ಟಿ ಪ್ರಯೋಜನವಿಲ್ಲ.

ಮೂರನೆಯದು ಚಿಗುರು ತೆಗೆಯುವುದು. ಬೇಡದ ಕಂಬಚಿಗುರಿನಲ್ಲಿ ತಿಗಣೆ ಕಿಕ್ಕಿರಿದಿರುತ್ತದೆ. ಮುರಿದದ್ದನ್ನು ಗಿಡದ ಬುಡಕ್ಕೆ ಹಾಕದೆ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ ಬಿಸಿಲಲ್ಲಿ ಒಂದು ವಾರ ಬಿಡಿ ಅಥವಾ ಒಂದಡಿ ಆಳಕ್ಕೆ ಹೂಳಿ.

ಆಮೇಲೆ ಸಿಂಪಡಣೆ. ಇಷ್ಟು ಸಣ್ಣ ಗಿಡಗಳಿಗೆ ಮೀನೆಣ್ಣೆ ರಾಳದ ಸೋಪು ಸಾಕು. ಲೀಟರಿಗೆ 25 ಗ್ರಾಂ, ಅಂದರೆ 200 ಲೀಟರ್ ಬ್ಯಾರಲ್‌ಗೆ ಐದು ಕಿಲೋ. ಸೋಪನ್ನು ಮೊದಲು ಒಂದು ಬಕೆಟ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿಕೊಂಡು ನಂತರ ಬ್ಯಾರಲ್‌ಗೆ ಸೇರಿಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಮೊಸರಿನಂತೆ ಒಡೆದು ನಾಜಲ್ ಕಟ್ಟಿಕೊಳ್ಳುತ್ತದೆ, ಹುಳುವೂ ಸಾಯುವುದಿಲ್ಲ. ಕೆರೆ ಅಥವಾ ಹಳ್ಳದ ನೀರು ಬಳಸಿ. ಇಡೀ ತೋಟಕ್ಕೆ ಹೊಡೆಯುವ ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ಬಿಟ್ಟು ನೋಡಿ. ಚಿಗುರಿನ ಅಂಚು ಸುಟ್ಟಿದ್ದರೆ ಲೀಟರಿಗೆ 20 ಗ್ರಾಂಗೆ ಇಳಿಸಿ. ಬಿಸಿಲೇರಿದ ಮೇಲೆ, ಬಾಡಿದ ಗಿಡಕ್ಕೆ ಹೊಡೆಯಬೇಡಿ.

ಸೋಪಿನ ದ್ರಾವಣ ಹುಳುವಿಗೆ ತಾಗಿದರೆ ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಜೇನಿಗೂ ಗುಲಗಂಜಿಗೂ ಇದರಿಂದ ತೊಂದರೆ ಕಡಿಮೆಯಾಗಿರುವುದಕ್ಕೆ ಕಾರಣ ಇದೇ, ಕೆಲಸ ಅಚ್ಚುಕಟ್ಟಾಗಬೇಕಾದ ಕಾರಣವೂ ಇದೇ. ಬೆನ್ನಿಗೆ ಕಟ್ಟುವ ಕೈಪಂಪಿನಲ್ಲಿ ನಾಜಲನ್ನು ಮೇಲ್ಮುಖ ಮಾಡಿ, ಗಿಡದೊಳಗೆ ಕೈ ಹಾಕಿ, ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ಎಲೆಯಡಿಯಿಂದ ನೀರು ತೊಟ್ಟಿಕ್ಕಬೇಕು. ಗಿಡಕ್ಕೆ ಅರ್ಧ ಲೀಟರ್ ಹಿಡಿಯಿತೆಂದರೂ ಎಕರೆ ಪೂರ್ತಿಗೆ ಒಂದು ಬ್ಯಾರಲ್‌ಗಿಂತ ಸ್ವಲ್ಪ ಹೆಚ್ಚು, ನಿಮಗೆ ಬೇಕಾದ್ದು ಗುರುತಿಟ್ಟ ಗಿಡಗಳಿಗೆ ಮಾತ್ರ.

ಎರಡನೇ ಸಿಂಪಡಣೆ ಹದಿನೆಂಟರಿಂದ ಇಪ್ಪತ್ತೊಂದನೇ ದಿನದೊಳಗೆ ಆಗಲೇಬೇಕು. ತಾಯಿಯಡಿ ಉಳಿದ ಮರಿಗಳೆಲ್ಲ ಅಷ್ಟರಲ್ಲಿ ಹೊರಬಂದು ಕುಳಿತಿರುತ್ತವೆ, ಆದರೆ ಯಾವುದೂ ಇನ್ನೂ ತಾಯಿಯಾಗಿರುವುದಿಲ್ಲ. ಬೇಗ ಹೊಡೆದರೆ ಕೆಲವು ಇನ್ನೂ ಚಿಪ್ಪಿನಡಿ ಇರುತ್ತವೆ, ನಾಲ್ಕು ವಾರ ದಾಟಿದರೆ ಹೊಸ ತಾಯಂದಿರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಆಳುಗಳನ್ನು ಮೊದಲೇ ಹೇಳಿಟ್ಟುಕೊಳ್ಳಿ. ಈ ಒಂದು ದಿನಾಂಕ ತಪ್ಪಿದರೆ ಮೊದಲ ಸಿಂಪಡಣೆಯ ಖರ್ಚೂ ವ್ಯರ್ಥ.

ಸಿಂಪಡಣೆ ಫಲಿಸಿತೇ ಎಂದು ತಿಳಿಯಲು ದೂರದಿಂದ ನೋಡಿದರೆ ಆಗದು, ಸತ್ತ ಚಿಪ್ಪುಗಳು ಅಲ್ಲೇ ಅಂಟಿರುತ್ತವೆ. ಒಂದು ವಾರದ ನಂತರ ಸೂಜಿ ತೆಗೆದುಕೊಂಡು ಒತ್ತಿ ನೋಡಿ. ರಸ ಬಂದರೆ ಜೀವ ಇದೆ. ಒಣ ಹೊಟ್ಟಿನಂತೆ ಎದ್ದು ಬಂದರೆ ಸತ್ತಿದೆ. ಬೆನ್ನಿನಲ್ಲಿ ಸೂಜಿಮೊನೆಯಷ್ಟು ದುಂಡನೆಯ ತೂತಿದ್ದು ಮೈ ಕಪ್ಪಾಗಿದ್ದರೆ, ಕೊಂದದ್ದು ನಿಮ್ಮ ಔಷಧಿಯಲ್ಲ, ಒಳಗೆ ಬೆಳೆದು ಹೊರಹೋದ ಕಣಜ. ಅಂಥವು ಹೆಚ್ಚು ಕಂಡ ಗಿಡಕ್ಕೆ ಎರಡನೇ ಸಲ ಹೊಡೆಯಲೇಬೇಡಿ.

ಸೋಪಿಗೆ ಬಗ್ಗದಷ್ಟು ತೀವ್ರವಾಗಿದ್ದರೆ ಮಾತ್ರ ಕೀಟನಾಶಕದ ಮಾತು. ಕಾಫಿಗೆ ಅನುಮತಿ ಇರುವ ಔಷಧಿಗಳ ಪಟ್ಟಿ ಬದಲಾಗುತ್ತಿರುತ್ತದೆ. ಆದ್ದರಿಂದ ಹೆಸರು, ಪ್ರಮಾಣ, ಕೊಯ್ಲಿಗೆ ಮೊದಲು ಬಿಡಬೇಕಾದ ದಿನಗಳನ್ನು ಕಾಫಿ ಮಂಡಳಿಯ ನಿಮ್ಮ ವಲಯದ ಜೆಎಲ್‌ಓ (ಕಿರಿಯ ಸಂಪರ್ಕಾಧಿಕಾರಿ) ಕಚೇರಿಯಲ್ಲೋ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲೋ ಕೇಳಿ. ಅಂಗಡಿಯ ಮಾತಿನ ಮೇಲೆ ಬೇಡ. ಹೂವಿರುವಾಗ ಯಾವ ಕಾರಣಕ್ಕೂ ಹೊಡೆಯಬೇಡಿ. ರೋಬಸ್ಟಾ ತನ್ನ ಪರಾಗಕ್ಕೆ ತಾನು ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಪಕ್ಕದ ತೋಟದಲ್ಲಿ ಹೂವಾಗಿದ್ದರೂ ಈ ಎಚ್ಚರ ಬೇಕು.

ಈಗ ಆ ಬಿಳಿ ಅಂಚಿನ ಮಾತು. ಮಳೆಗಾಲದಲ್ಲಿ ತಿಗಣೆಯ ಸುತ್ತ ಹತ್ತಿಯ ಎಳೆ ಸುತ್ತಿದಂತೆ ಬಿಳಿ ಬೂಷ್ಟು ಕಾಣುತ್ತದೆ. ಇದು ಲೆಕಾನಿಸಿಲಿಯಂ ಎಂಬ ಶಿಲೀಂಧ್ರ. ತಿಗಣೆಯ ಚರ್ಮದ ಮೂಲಕವೇ ಒಳಹೊಕ್ಕು ಕೊಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಲೆನಾಡಿನ ತೋಟಗಳಲ್ಲಿ ತಿಗಣೆ ಕುಸಿಯುವುದು ಬಹುಮಟ್ಟಿಗೆ ಇದರ ಕೆಲಸ, ಯಾರ ಔಷಧಿಯದೂ ಅಲ್ಲ. ಎಷ್ಟೋ ಮಂದಿ ಇದನ್ನು ಬಿಳಿ ತಿಗಣೆ ಎಂದು ತಿಳಿದು ಮತ್ತೆ ಔಷಧಿ ಹೊಡೆಯುತ್ತಾರೆ. ಬೆರಳಿನಿಂದ ಒರೆಸಿ ನೋಡಿ: ಬಿಳಿ ತಿಗಣೆಯಾದರೆ ಹಿಟ್ಟು ಹೋಗಿ ಒಳಗೆ ಮೆತ್ತಗಿನ ಜೀವವಿರುವ ಹುಳು ಸಿಗುತ್ತದೆ. ಶಿಲೀಂಧ್ರವಾದರೆ ನಡುವೆ ಒಣಗಿದ ತಿಗಣೆ, ಸುತ್ತ ಎಲೆಗೆ ಅಂಟಿದ ಬಿಳಿ ಉಂಗುರ.

ಮಳೆ ಹಿಡಿದ ಮೇಲೆ ಅಂಥ ಎಲೆಗಳನ್ನು ಬಿಡಿಸಿ, ತಿಗಣೆಯಿರುವ ಗಿಡಗಳ ಒಳಗಿನ ರೆಕ್ಕೆಗಳಿಗೆ ಎರಡು ಮೂರರಂತೆ ಸಿಕ್ಕಿಸಿ. ಕೊಂಡು ತರುವುದಾದರೆ ಲೆಕಾನಿಸಿಲಿಯಂ ಪುಡಿ ಸಾಮಾನ್ಯವಾಗಿ ಲೀಟರಿಗೆ 5 ಗ್ರಾಂ, ಬ್ಯಾರಲ್‌ಗೆ ಒಂದು ಕಿಲೋ. ಪೊಟ್ಟಣದ ಮೇಲಿನ ಪ್ರಮಾಣವನ್ನೂ ಕೊನೆಯ ದಿನಾಂಕವನ್ನೂ ನೋಡಿ, ಇದು ಜೀವವಿರುವ ವಸ್ತು. ಸಂಜೆ ಹೊತ್ತು, ವಾತಾವರಣದಲ್ಲಿ ತೇವವಿರುವಾಗ ಹೊಡೆಯಬೇಕು. ಈಗ ಮಾರ್ಚ್‌ನ ಒಣಹವೆಯಲ್ಲಿ ಹೊಡೆದರೆ ಬೀಜಕಗಳು ಮೊಳೆಯದೆ ಸಾಯುತ್ತವೆ.

ಇಲ್ಲೊಂದು ತೊಡಕಿದೆ. ಎಲೆ ತುಕ್ಕಿಗೆಂದು ಮುಂಗಾರಿಗೆ ಮೊದಲೂ, ಸೆಪ್ಟೆಂಬರ್ ಸುಮಾರಿಗೂ ನೀವು ಅರೇಬಿಕಾಗೆ ಅರ್ಧ ಶೇಕಡಾ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಬ್ಯಾರಲ್‌ಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ. ಅರೇಬಿಕಾಗೆ ತುಕ್ಕಿನ ಭಯವಿರುವುದರಿಂದ ಬೋರ್ಡೋ ಬಿಡಿ ಎಂದು ಹೇಳಲಾರೆ. ಆದರೆ ಸಣ್ಣ ರೋಬಸ್ಟಾಗೆ ತುಕ್ಕು ಅಷ್ಟು ಬಾಧಿಸುವುದಿಲ್ಲ, ಬ್ಯಾರಲ್‌ನಲ್ಲಿ ಮಿಕ್ಕಿತೆಂದು ಅದಕ್ಕೂ ಹೊಡೆಸಬೇಡಿ. ಲೆಕಾನಿಸಿಲಿಯಂ ಪುಡಿಯನ್ನು ಬೋರ್ಡೋ ಜೊತೆ ಬೆರೆಸಲೇಬಾರದು, ಸೋಪನ್ನೂ ಬೆರೆಸಬಾರದು. ಸ್ವಾರಸ್ಯವೆಂದರೆ ಇದೇ ಶಿಲೀಂಧ್ರ ಎಲೆ ತುಕ್ಕಿನ ಕಿತ್ತಳೆ ಪುಡಿಯ ಮೇಲೂ ಬೆಳೆದು ಅದನ್ನು ತಿನ್ನುತ್ತದೆ. ಮೆಕ್ಸಿಕೋದ ಕಾಫಿ ತೋಟಗಳಲ್ಲಿ ಇದನ್ನು ವಿವರವಾಗಿ ಗಮನಿಸಿದ್ದಾರೆ.

ಗುಲಗಂಜಿ ಹುಳುಗಳ ಬಗ್ಗೆಯೂ ಹೇಳಲೇಬೇಕು. ಈ ತಿಗಣೆಗೆ ಹೆಸರಿಟ್ಟದ್ದು 1889ರಲ್ಲಿ, ಸಿಲೋನಿನ ಕಾಫಿ ಗಿಡಗಳಿಂದ. ಅಲ್ಲಿ ಆಗಲೇ ಎಲೆ ತುಕ್ಕಿನಿಂದ ನರಳುತ್ತಿದ್ದ ತೋಟಗಳಿಗೆ ಇದು ಇನ್ನೊಂದು ಪೆಟ್ಟು ಕೊಟ್ಟಿತ್ತು. ಅದೇ ಭಯದಲ್ಲಿ 1898ರಲ್ಲಿ ಆಸ್ಟ್ರೇಲಿಯಾದಿಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತಂದರು. ಹಸಿರು ತಿಗಣೆಯ ಮೇಲೆ ಅದು ನಿರೀಕ್ಷಿಸಿದಷ್ಟು ಕೆಲಸ ಮಾಡಲಿಲ್ಲ. ಆದರೆ ಇಲ್ಲಿ ನೆಲೆನಿಂತು ಬಿಳಿ ತಿಗಣೆಯ ದೊಡ್ಡ ವೈರಿಯಾಯಿತು. ಅದರ ಮರಿಯ ಮೈಮೇಲೆ ಬಿಳಿ ಮೇಣದ ಎಳೆಗಳಿದ್ದು, ನೋಡಲು ದೊಡ್ಡ ಬಿಳಿ ತಿಗಣೆಯಂತೆಯೇ ಕಾಣುತ್ತದೆ. ಗಿಡದಲ್ಲಿ ಒಂಟಿಯಾಗಿ ಚುರುಕಾಗಿ ಓಡಾಡುವ ಬಿಳಿ ಹುಳು ಕಂಡರೆ ಹೊಸಕಬೇಡಿ. ಹೊಳೆಯುವ ಕಪ್ಪು ಬಣ್ಣದ, ನಾಲ್ಕು ಮಿಲಿಮೀಟರ್ ಉದ್ದದ ದುಂಡು ಹುಳುವೂ ನಿಮ್ಮ ಪಕ್ಷದ್ದೇ.

ಯೂರಿಯಾ ಕೊಡುವುದರಲ್ಲಿ ಕೈ ಬಿಗಿಯಿರಲಿ. ಸಾರಜನಕ ಹೆಚ್ಚಾದರೆ ಚಿಗುರು ಮೆತ್ತಗಾಗುತ್ತದೆ, ರಸದಲ್ಲಿ ತಿಗಣೆಗೆ ಬೇಕಾದ ಅಂಶವೂ ಹೆಚ್ಚುತ್ತದೆ. ವರ್ಷದ ಪ್ರಮಾಣವನ್ನು ಮೂರು ನಾಲ್ಕು ಕಂತಿನಲ್ಲಿ ಕೊಡಿ. ಬರುವ ಮಳೆಗಾಲಕ್ಕೆ ಸತ್ತ ಗಿಡದ ಜಾಗಕ್ಕೆ ಹೊಸದು ನೆಡುವುದಾದರೆ, ನರ್ಸರಿಯಿಂದ ತರುವ ಮೊದಲು ಪ್ರತಿ ಸಸಿಯ ಎಲೆ ತಿರುಗಿಸಿ ನೋಡಿಯೇ ಗಾಡಿಗೆ ಹತ್ತಿಸಿ.

ಕೊನೆಗೆ ಸೀಬೆ ಮರ. ಹಸಿರು ತಿಗಣೆ ಸೀಬೆ, ಕಿತ್ತಳೆ, ನಿಂಬೆ, ಕೇಪಳ ಮುಂತಾದ ಎಷ್ಟೋ ಗಿಡಗಳಲ್ಲಿ ಬದುಕುತ್ತದೆ. ಒಂದು ಮರ ಕಡಿದು ಅದರ ನೆಲೆ ಕಳೆಯಲು ಆಗುವುದಿಲ್ಲ. ಔಷಧಿ ಬೀಳದ ಆ ಮರದಲ್ಲಿ ಕಣಜ ಮತ್ತು ಗುಲಗಂಜಿಗಳು ಉಳಿದಿರುವ ಸಾಧ್ಯತೆ ನಿಮ್ಮ ತೋಟಕ್ಕಿಂತ ಹೆಚ್ಚು. ತೂತಿರುವ ಕಪ್ಪು ತಿಗಣೆಗಳು ಅಲ್ಲಿವೆಯೇ ಎಂದು ನೋಡಿ. ಇದ್ದರೆ ಮರವನ್ನು ಹಾಗೆಯೇ ಬಿಟ್ಟು, ಕಾಫಿ ಗಿಡಕ್ಕೆ ತಾಗುವ ಕೊಂಬೆಗಳನ್ನಷ್ಟೇ ಸವರಿ. ಕಾಂಡಕ್ಕೆ ಅಂಟುಪಟ್ಟಿ ಕಟ್ಟಿ ಇರುವೆ ಹತ್ತದಂತೆ ಮಾಡಿ. ಆಮೇಲೆ ಒಂದು ತಿಂಗಳು ಬಿಟ್ಟು ಮಸೂರ ಹಿಡಿದು ಮತ್ತೊಮ್ಮೆ ಎಲೆ ತಿರುಗಿಸಿ ನೋಡಿ.